ಹಸಿರು ಉಂಗುರದ ಸೆಟ್ಟು

ಸಾಣೆಕಲ್ಲಿನ ಮೇಲೆ ಎರಡು ಹನಿ ಹೊಲಿಗೆ ಮೆಷಿನ್ನಿನ ಎಣ್ಣೆ ಬಿಟ್ಟು ಬೆರಳಿನಿಂದ ಸವರಿದರೆ ಒಂದು ವಾಸನೆ ಏಳುತ್ತದೆ. ಹಳೆಯ ಸೈಕಲ್ ರಿಪೇರಿ ಅಂಗಡಿಯ ಮುಂದೆ ನಿಂತ ಹಾಗಿರುತ್ತದೆ. ನಾನೀಗ ಮಂಗಳೂರಿನಲ್ಲಿ ಡೆಂಟಲ್ ಹೈಜಿನಿಸ್ಟ್ ಕೋರ್ಸಿನ ಹುಡುಗಿಯರಿಗೆ ಪಾಠ ಹೇಳುತ್ತೇನೆ. ಹಲ್ಲು ಕೀಳುವುದು, ತುಂಬುವುದು ಡಾಕ್ಟರರ ಕೆಲಸ. ಬಾಯಿ ಪರೀಕ್ಷೆ ಮಾಡಿ, ಹಲ್ಲಿಗೆ ಕಟ್ಟಿದ ಗಾರೆ ಕೆರೆದು ತೆಗೆಯುವುದು ನಮ್ಮದು. ಮೊನ್ನೆ ಪ್ರಾಕ್ಟಿಕಲ್ಲಿನಲ್ಲಿ ಒಬ್ಬಳು ತನ್ನ ಪಕ್ಕದವಳ ಕ್ಯೂರೆಟ್ಟನ್ನು, ಅಂದರೆ ಗಾರೆ ಕೆರೆಯುವ ಹತಾರವನ್ನು, ಕಲ್ಲಿಗೆ ಇಡದೆ, ಬರೀ ಎಣ್ಣೆಬಟ್ಟೆಯಲ್ಲಿ ಒರೆಸಿ, "ಆಯ್ತು ಮೇಡಂ" ಎಂದು ಕೊಟ್ಟಳು. ನಾನು ಅವಳಿಗೆ ಬೈದದ್ದು ಅಷ್ಟಿಷ್ಟಲ್ಲ. ಹುಡುಗಿ ಅತ್ತುಬಿಟ್ಟಳು, ಉಳಿದವರು ಈ ಮೇಡಮ್ಮಿಗೆ ಇವತ್ತು ಏನಾಯಿತು ಎಂದು ಮುಖ ಮುಖ ನೋಡಿಕೊಂಡರು. ಅವಳು ಮಾಡಿದ್ದು ಬರೀ ಸೋಮಾರಿತನ. ಅದೇ ಕೆಲಸವನ್ನು ನಾನು ಸೌದಿಯ ತಾಯಿಫಿನಲ್ಲಿ ಮಾಡಿದ್ದೆ, ಆದರೆ ಸೋಮಾರಿತನದಿಂದಲ್ಲ.

ನೇರವಾಗಿ ಹೇಳಿಬಿಡುತ್ತೇನೆ: ನನಗೆ ಸಫಿಯಾ ಎಂಬ ಹುಡುಗಿಯ ಮೇಲೆ ಹೊಟ್ಟೆಕಿಚ್ಚಿತ್ತು. 2015ರ ಆ ವಸಂತವಿಡೀ ನಾನು ಉಂಡದ್ದು, ಮಲಗಿದ್ದು, ಕೆಲಸ ಮಾಡಿದ್ದು ಎಲ್ಲ ಆ ಕಿಚ್ಚಿನ ಜೊತೆಗೇ.

ತಾಯಿಫ್ ಎಂದರೆ ಮಕ್ಕಾದಿಂದ ಬೆಟ್ಟ ಹತ್ತಿದರೆ ಸಿಗುವ ತಂಪು ಊರು. ಕೆಳಗೆ ಬಿಸಿಲು ಬೆಂಕಿ ಕಾರುವಾಗ ಇಲ್ಲಿ ಸಂಜೆಗೆ ಶಾಲು ಬೇಕು. ಮಾರ್ಚ್, ಏಪ್ರಿಲ್ ಬಂತೆಂದರೆ ಹದಾ ಬೆಟ್ಟದ ತೋಟಗಳಲ್ಲಿ ಗುಲಾಬಿ ಬಿರಿಯುತ್ತದೆ, ಮಧ್ಯಾಹ್ನದ ಮೇಲೆ ಇದ್ದಕ್ಕಿದ್ದಂತೆ ಮೋಡ ಕವಿದು ಆಲಿಕಲ್ಲು ಬೀಳುತ್ತದೆ. ನಾನು ಅಲ್ಲಿನ ಒಂದು ಖಾಸಗಿ ಡೆಂಟಲ್ ಕ್ಲಿನಿಕ್ಕಿನ ಹೆಂಗಸರ ವಿಭಾಗದಲ್ಲಿ ಆರು ವರ್ಷ ಇದ್ದೆ. ಕಾರ್ಕಳದಲ್ಲಿ ನೆಂಟರು ನನ್ನನ್ನು "ಹಲ್ಲು ತಿಕ್ಕಲಿಕ್ಕೆ ಗಲ್ಫಿಗೆ ಹೋದವಳು" ಎಂದು ನಗಾಡುತ್ತಿದ್ದರು. ತಾಯಿಫಿನಲ್ಲಿ ಮಾತ್ರ ದೊಡ್ಡ ದೊಡ್ಡ ಮನೆಯ ಹೆಂಗಸರು ಕೌಂಟರಿಗೆ ಬಂದು "ವಾರಿಜಾ ಇದ್ದಾಳಾ?" ಎಂದು ಕೇಳಿ, ನಾನಿಲ್ಲದಿದ್ದರೆ ವಾಪಸು ಹೋಗುತ್ತಿದ್ದರು. ಮೂವತ್ತೆಂಟು ವರ್ಷಕ್ಕೆ, ಮದುವೆ ಮಕ್ಕಳು ಎಂದು ಯಾವ ಗೋಜೂ ಇಲ್ಲದ ನನಗೆ ಇದ್ದ ಆಸ್ತಿ ಅದೊಂದೇ.

ಸಫಿಯಾ ಬಂದದ್ದು ಅದರ ಹಿಂದಿನ ಅಕ್ಟೋಬರಿನಲ್ಲಿ. ಭಟ್ಕಳದವಳು, ಇಪ್ಪತ್ತನಾಲ್ಕು ವರ್ಷ. ಅವಳ ಮನೆಮಾತು ನವಾಯತಿ, ನನ್ನದು ತುಳು. ಇಬ್ಬರ ನಡುವೆ ಉಳಿದದ್ದು ಕನ್ನಡ. ಕ್ಲಿನಿಕ್ಕಿನ ಮೇಲಿನ ಫ್ಲ್ಯಾಟಿನಲ್ಲಿ ಇಬ್ಬರೂ ಒಂದೇ ಕೋಣೆ. ಊರಿನ ಕಡೆಯವಳು ಸಿಕ್ಕಿದಳೆಂದು ಮೊದಲ ದಿನ ನಾನೇ ಅವಳಿಗೆ ಗಂಜಿ, ಒಣ ಸಿಗಡಿ ಚಟ್ನಿ ಮಾಡಿಕೊಟ್ಟಿದ್ದೆ.

ಕೆಲಸವನ್ನೂ ನಾನೇ ಕಲಿಸಿದೆ. ಡಿಪ್ಲೊಮಾ ಆಗಿದ್ದರೂ ಅವಳಿಗೆ ಅವಸರ, ರೋಗಿ ಕುರ್ಚಿಯಲ್ಲಿ ಕೂತ ಕೂಡಲೇ ಹಲ್ಲಿಗೆ ಕೈ ಹಾಕುತ್ತಿದ್ದಳು.

"ಹಲ್ಲು ಎಲ್ಲಿಗೂ ಓಡಿ ಹೋಗುದಿಲ್ಲ ಮಾರಾಯ್ತಿ," ಎನ್ನುತ್ತಿದ್ದೆ ನಾನು. "ಮೊದಲು ಬಾಯಿ ನೋಡು. ತುಟಿ ಮಡಚಿ ನೋಡು, ಕೆನ್ನೆಯ ಒಳಗೆ ನೋಡು. ನಾಲಗೆಯನ್ನು ಬಟ್ಟೆಯಲ್ಲಿ ಹಿಡಿದು ಎರಡೂ ಬದಿ ನೋಡು. ಆಮೇಲೆ ಹಲ್ಲು."

ಎಡಗೈಯಲ್ಲಿ ಪುಟ್ಟ ಕನ್ನಡಿ, ಬಲಗೈಯಲ್ಲಿ ಮಿಲಿಮೀಟರಿನ ಗೆರೆ ಹಾಕಿದ ಪ್ರೋಬ್. ಅದನ್ನು ವಸಡಿನ ಅಂಚಿನಲ್ಲಿ ಮೆಲ್ಲಗೆ ಇಳಿಸಿ, ವಸಡು ಹಲ್ಲನ್ನು ಎಷ್ಟು ಆಳಕ್ಕೆ ಬಿಟ್ಟುಕೊಟ್ಟಿದೆ ಎಂದು ಅಳೆಯಬೇಕು. ಮೂರರ ಒಳಗಿದ್ದರೆ ಚಿಂತೆಯಿಲ್ಲ, ಐದಾರು ಎಂದರೆ ಹಲ್ಲಿಗೆ ಕೇಡು. ನಂತರ ಕೆರೆಯುವುದು. ಮೇಲಿನ ಗಾರೆಗೆ ನೀರು ಚಿಮ್ಮಿಸುವ ಮೆಷಿನ್ ಸಾಕು, ವಸಡಿನ ಕೆಳಗಿನದಕ್ಕೆ ಕೈಯೇ ಬೇಕು. ಕ್ಯೂರೆಟ್ ಎಂಬ, ತುದಿಯಲ್ಲಿ ಸಣ್ಣ ಚಮಚದಂತೆ ಬಾಗಿದ ಹತಾರವನ್ನು ಪೆನ್ನು ಹಿಡಿದಂತೆ ಹಿಡಿದು, ಉಂಗುರದ ಬೆರಳನ್ನು ಪಕ್ಕದ ಹಲ್ಲಿನ ಮೇಲೆ ಊರಿ, ಮಣಿಕಟ್ಟಿನಿಂದ ಎಳೆಯಬೇಕು. ಆ ಬೆರಳು ಊರದಿದ್ದರೆ ಕೈ ಜಾರಿ ವಸಡು ಹರಿಯುತ್ತದೆ. ಕೊನೆಗೆ ಕೂದಲಿನಷ್ಟು ಸಪೂರದ ಎಕ್ಸ್‌ಪ್ಲೋರರ್ ಸವರಿ, ಎಲ್ಲಾದರೂ ತಡೆಯುತ್ತದೆಯೋ ನೋಡಬೇಕು.

ಮೂರೇ ತಿಂಗಳಲ್ಲಿ ಹುಡುಗಿ ನನ್ನನ್ನು ಮೀರಿದಳು. ಇದನ್ನು ಬರೆಯಲು ಈಗಲೂ ನನಗೆ ಕಷ್ಟವಾಗುತ್ತದೆ. ಅವಳ ಬೆರಳುಗಳು ಉದ್ದ, ಒತ್ತುತ್ತಿದ್ದಾಳೆ ಎಂದು ಗೊತ್ತೇ ಆಗುತ್ತಿರಲಿಲ್ಲ. ನಾನು ಎರಡು ವರ್ಷ ಒದ್ದಾಡಿ ಕಲಿತ ಅರಬಿ ಅವಳ ಬಾಯಲ್ಲಿ ಎರಡು ತಿಂಗಳಿಗೆ ಆಡುತ್ತಿತ್ತು. ಸೂಜಿ ಕಂಡರೆ ಕಿರುಚುವ ಮದುಮಗಳೊಬ್ಬಳು ಸಫಿಯಾಳ ಕುರ್ಚಿಯಲ್ಲಿ ನಿದ್ದೆಯೇ ಹೋದಳು. ಆವತ್ತು ಎಲ್ಲರೂ ನಕ್ಕರು, ನಾನೂ ನಕ್ಕೆ, ಒಳಗೆ ಉರಿಯುತ್ತಿತ್ತು.

ಉಮ್ಮ್ ಸುಲ್ತಾನ್ ಎಂದರೆ ಸುಲ್ತಾನನ ತಾಯಿ. ಅಲ್ಲಿ ಹಿರಿಯ ಹೆಂಗಸರನ್ನು ಕರೆಯುವುದೇ ಹಾಗೆ. ಹದಾ ಬೆಟ್ಟದಲ್ಲಿ ಅವರದು ಗುಲಾಬಿ ತೋಟ. ಸಕ್ಕರೆ ಕಾಯಿಲೆಯಿಂದ ಕೆಳಗಿನ ಮುಂದಿನ ಹಲ್ಲುಗಳು ಅಲುಗಾಡುತ್ತಿದ್ದವು. "ತೆಗೆದುಬಿಡೋಣ" ಎಂದ ಡಾಕ್ಟರ್ ಹನಾನರ ಕೈಕಾಲು ಹಿಡಿದು, "ನನಗೊಂದು ಅವಕಾಶ ಕೊಡಿ" ಎಂದವಳು ನಾನು. ಡಾಕ್ಟರ್ ಹನಾನ್ ಈಜಿಪ್ಟಿನವರು, ನಮ್ಮ ವಿಭಾಗದ ಮುಖ್ಯಸ್ಥೆ. ನಾಲ್ಕು ವರ್ಷ, ಮೂರು ತಿಂಗಳಿಗೊಮ್ಮೆ, ಆ ಹಲ್ಲುಗಳ ಬುಡವನ್ನು ಮಗುವಿನ ಕಿವಿ ತೊಳೆದ ಹಾಗೆ ತೊಳೆದಿದ್ದೆ. ಆರು ಇದ್ದ ಆಳ ನಾಲ್ಕಕ್ಕೆ ಇಳಿದಿತ್ತು. ಪ್ರತಿ ಗುಲಾಬಿ ಕಾಲದಲ್ಲಿ ಅವರು ನನಗೆಂದೇ ಒಂದು ಕಾಗದದ ಚೀಲ ತುಂಬ ಹೂ ತರುತ್ತಿದ್ದರು. ಮೂರು ದಿನ ನಮ್ಮ ಕೋಣೆ ಪರಿಮಳ.

ಜನವರಿಯಲ್ಲಿ ಒಂದು ದಿನ ನನಗೆ ಜ್ವರ. ಉಮ್ಮ್ ಸುಲ್ತಾನರನ್ನು ಸಫಿಯಾ ನೋಡಿದಳು. ಮಾರ್ಚ್ ಕೊನೆಯಲ್ಲಿ ಅವರು ಹೂವಿನ ಚೀಲ ಹಿಡಿದು ಬಂದಾಗ ನಾನು ಎದ್ದು ಕೈ ಚಾಚಿದೆ. ಅವರು ನನ್ನ ಕೆನ್ನೆ ಸವರಿ, ಚೀಲವನ್ನು ಸಫಿಯಾಳ ಮಡಿಲಿಗೆ ಹಾಕಿ, "ಯದ್‌ಹಾ ಖಫೀಫಾ" ಎಂದರು. ಅವಳ ಕೈ ಹಗುರ ಎಂದು. ಮುಂದಿನ ಅಪಾಯಿಂಟ್‌ಮೆಂಟನ್ನೂ ಅವಳ ಹೆಸರಿಗೇ ಬರೆಸಿದರು.

ಸಂಜೆ ಸಫಿಯಾ ಅರ್ಧ ಹೂವನ್ನು ತಟ್ಟೆಯಲ್ಲಿ ಹರಡಿ ನನ್ನ ಮಂಚದ ಪಕ್ಕ ಇಟ್ಟಳು. "ಅಕ್ಕಾ, ಇದು ನಿಮಗೇ ಬರಬೇಕಾದದ್ದು," ಎಂದಳು. ಅವಳು ಅದನ್ನೂ ಮನಸ್ಸಿನಿಂದಲೇ ಹೇಳಿದ್ದು ನನಗೆ ಇನ್ನಷ್ಟು ಸಿಟ್ಟು ತರಿಸಿತು. ತಲೆನೋವು ಎಂದು ಹೇಳಿ ತಟ್ಟೆಯನ್ನು ಬಾಲ್ಕನಿಗೆ ಇಡಿಸಿದೆ.

ಅದೇ ವಾರ ಮ್ಯಾನೇಜರ್ ಕರೆದು ಹೇಳಿದರು: ರಂಜಾನ್ ಮುಗಿದ ಮೇಲೆ ಹೆಂಗಸರ ವಿಭಾಗಕ್ಕೆ ಒಬ್ಬಳೇ ಹೈಜಿನಿಸ್ಟ್ ಸಾಕು. ಯಾರು ಉಳಿಯಬೇಕೆಂದು ಡಾಕ್ಟರ್ ಹನಾನ್ ನಿರ್ಧರಿಸುತ್ತಾರೆ, ಇನ್ನೊಬ್ಬಳ ಇಕಾಮಾ, ಅಂದರೆ ಅಲ್ಲಿ ಇರುವ ಪರವಾನಗಿ, ನವೀಕರಣ ಮಾಡುವುದಿಲ್ಲ. ಆರು ವರ್ಷದ ಹಿರಿತನ ಲೆಕ್ಕಕ್ಕೆ ಬರುತ್ತದೆ ಎಂದುಕೊಂಡೆ. "ರೋಗಿಗಳು ಯಾರನ್ನು ಕೇಳುತ್ತಾರೋ ಅವರು," ಎಂದರು ಮ್ಯಾನೇಜರ್.

ಈಗ ಸಾಣೆಯ ವಿಷಯ ಹೇಳಬೇಕು. ಕ್ಯೂರೆಟ್ ದಿನಾ ಬಳಸಿದರೆ ಮೊಂಡಾಗುತ್ತದೆ. ನಮ್ಮಲ್ಲಿ ಗುರುವಾರ ಮಧ್ಯಾಹ್ನ, ಬೆಳಗಿನ ಮತ್ತು ಸಂಜೆಯ ಪಾಳಿಯ ನಡುವೆ ಕ್ಲಿನಿಕ್ ಮುಚ್ಚಿರುವಾಗ, ವಾರದ ಸಾಣೆ. ಗೊತ್ತಿಲ್ಲದವರು ಸಾಣೆ ಹಿಡಿದರೆ ಹತಾರದ ಆಕಾರವೇ ಕೆಟ್ಟುಹೋಗುತ್ತದೆ. ಅದಕ್ಕೆ ನಾನೊಂದು ನಿಯಮ ಮಾಡಿದ್ದೆ: ಹೊಸಬರು ಒಂದು ವರ್ಷ ಕಲ್ಲು ಮುಟ್ಟಬಾರದು, ಇಬ್ಬರದ್ದೂ ನಾನೇ ಹಿಡಿಯುವುದು. ನನಗೆ ಕಲಿಸಿದವರೂ ಹಾಗೆಯೇ ಮಾಡಿದ್ದರು. ಗುರುತಿಗೆ ಹಿಡಿಕೆಯ ಮೇಲೆ ರಬ್ಬರಿನ ಪುಟ್ಟ ಉಂಗುರ, ನನ್ನವಕ್ಕೆ ಕೆಂಪು, ಅವಳವಕ್ಕೆ ಹಸಿರು. ನಾನು ಸಾಣೆ ಹಿಡಿದು ಕೊಡುತ್ತಿದ್ದೆ, ಅವಳು ಎಣ್ಣೆ ತೊಳೆದು, ಪೌಚಿಗೆ ಹಾಕಿ, ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವಿಗೆ ಇಡುತ್ತಿದ್ದಳು.

ಮ್ಯಾನೇಜರ್ ಮಾತಾಡಿದ ಮರುದಿನದ ಗುರುವಾರ ನಾನು ಕೆಂಪಿನವನ್ನೆಲ್ಲ ಮುಗಿಸಿದೆ. ಹಸಿರಿನವನ್ನು ಬರೀ ಎಣ್ಣೆಬಟ್ಟೆಯಲ್ಲಿ ಒರೆಸಿ ಟ್ರೇಯಲ್ಲಿಟ್ಟೆ. ಸುಸ್ತಾಗಿತ್ತು, ಒಂದು ವಾರ ತಡೆಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಎರಡನೆಯ ಗುರುವಾರ ಸುಸ್ತೇನೂ ಇರಲಿಲ್ಲ.

ಸಫಿಯಾ ಟ್ರೇ ಎತ್ತಿಕೊಂಡು ಎಣ್ಣೆಯ ವಾಸನೆ ಮೂಸಿ, "ಈ ವಾಸನೆ ಬಂದ್ರೆ ಗುರುವಾರ ಅಂತ ಗೊತ್ತಾಗ್ತದೆ," ಎಂದು ನಕ್ಕಳು. ಸಾಣೆ ಹಿಡಿದ ಅಂಚು ಬೆಳಕಿಗೆ ಹಿಡಿದರೆ ಹೊಳೆಯುವುದಿಲ್ಲ, ಮೊಂಡಾದದ್ದೇ ಬಿಳಿ ಗೆರೆಯಾಗಿ ಹೊಳೆಯುತ್ತದೆ. ಅವಳು ಬೆಳಕಿಗೆ ಹಿಡಿದು ನೋಡಬಹುದಿತ್ತು. ನೋಡಲಿಲ್ಲ, ಯಾಕೆಂದರೆ ಕೊಟ್ಟವಳು ನಾನು.

ಏಪ್ರಿಲ್ ಮುಗಿಯುವಷ್ಟರಲ್ಲಿ ಹಗುರ ಕೈಯವಳ ಕೈ ಭಾರವಾಗತೊಡಗಿತು. ಮೊಂಡು ಹತಾರಕ್ಕೆ ಒತ್ತಲೇ ಬೇಕಲ್ಲ. ಕುರ್ಚಿಯಲ್ಲಿ ಹೆಂಗಸರು "ಆಹ್" ಎನ್ನುವುದು ಪರದೆಯ ಆಚೆಯಿಂದ ಕೇಳುತ್ತಿತ್ತು. ಸುಳ್ಳು ಹೇಳುವುದಿಲ್ಲ, ಆ ಸದ್ದು ನನಗೆ ಹಿತವಾಗಿತ್ತು. ಕೌಂಟರಿನಲ್ಲಿ ಮತ್ತೆ ವಾರಿಜಾ ಎಂಬ ಹೆಸರು ಕೇಳಿಬಂತು.

ಒಂದು ದಿನ ಅವಳು ಅಡುಗೆಮನೆಯಲ್ಲಿ ಪೆನ್ನು ಹಿಡಿದು ಮೊಟ್ಟೆಯ ಮೇಲೆ ಕೆರೆಯುವ ಅಭ್ಯಾಸ ಮಾಡುತ್ತಿದ್ದಳು.

"ಅಕ್ಕಾ, ನನ್ನ ಕೈಗೆ ಎಂತ ಆಯ್ತು? ಮೊದಲಿನ ಹಾಗೆ ಬರೂದೇ ಇಲ್ಲ," ಎಂದಳು. ಕಣ್ಣಲ್ಲಿ ನೀರಿತ್ತು.

"ನೀನು ಬೆರಳು ಸರಿಯಾಗಿ ಊರುದಿಲ್ಲ. ಇಲ್ಲಿ ನೋಡು," ಎಂದು ನಾನು ಅವಳ ಕೈ ಹಿಡಿದು, ಮೊದಲ ದಿನದ ಪಾಠವನ್ನು ಮತ್ತೊಮ್ಮೆ ಹೇಳಿಕೊಟ್ಟೆ. ಅವಳು ಗುರುವಿನ ಮುಂದೆ ಕೂತವಳಂತೆ ತಲೆಯಾಡಿಸಿದಳು. ಮೊಟ್ಟೆ ಒಡೆಯಿತು, ಒರೆಸಿದವಳೂ ಅವಳೇ.

ಮೇ ತಿಂಗಳ ಮೊದಲಿಗೆ ಉಮ್ಮ್ ಸುಲ್ತಾನ್ ಬಂದರು. ಆವತ್ತು ಹೊರಗೆ ಗುಡುಗು, ಕಿಟಕಿಗೆ ಆಲಿಕಲ್ಲು ಟಪಟಪ ಬಡಿಯುತ್ತಿತ್ತು. ನಾನು ಬಾಗಿಲಲ್ಲಿ ನಿಂತು ಟ್ರೇ ನೋಡಿದೆ, ಹಸಿರು ಉಂಗುರಗಳು ಸಾಲಾಗಿ ಮಲಗಿದ್ದವು. ಬೇರೆಯವರ ಬಾಯಾದರೆ ನೋವಾಗಿ ಮುಗಿಯುತ್ತಿತ್ತು. ಇವರದು ನಾನು ನಾಲ್ಕು ವರ್ಷ ಕಾಪಾಡಿದ ಬಾಯಿ. "ಇವತ್ತು ಇವರನ್ನು ನಾನು ನೋಡ್ತೇನೆ, ನೀನು ಬಿಡು" ಎಂದು ಒಂದು ಮಾತು ಹೇಳಿದರೆ ಮುಗಿದಿತ್ತು. ಅಷ್ಟರಲ್ಲಿ ಆಯಮ್ಮ ಸಫಿಯಾಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ತೋಟದ ಕೊನೆಯ ಹೂವೆಂದು ಒಂದು ಗುಲಾಬಿಯನ್ನು ಅವಳ ಕೋಟಿನ ಜೇಬಿಗೆ ಸಿಕ್ಕಿಸಿದರು. ನಾನು ಬಾಯಿ ಮುಚ್ಚಿಕೊಂಡು ನಿಂತೆ.

ಮುಗಿದ ಮೇಲೆ ಸಫಿಯಾ ಕರೆದಳು. "ಅಕ್ಕಾ, ನೀವೊಮ್ಮೆ ನೋಡ್ತೀರಾ? ನನಗೆ ಧೈರ್ಯ ಇಲ್ಲ."

ನಾನು ಎಕ್ಸ್‌ಪ್ಲೋರರ್ ಹಿಡಿದು ಕೆಳಗಿನ ಮುಂದಿನ ಹಲ್ಲಿನ ಬುಡದಲ್ಲಿ ಸವರಿದೆ. ಎಲ್ಲೂ ತಡೆಯಲಿಲ್ಲ, ನುಣ್ಣಗೆ ಜಾರಿತು. ಮೊಂಡು ಕ್ಯೂರೆಟ್ ಮಾಡುವ ಮೋಸವೇ ಅದು: ಗಾರೆಯನ್ನು ಕಿತ್ತುಹಾಕುವುದಿಲ್ಲ, ಉಜ್ಜಿ ನಯ ಮಾಡುತ್ತದೆ. ಹೊಸಬರಿಗೆ ಅದು ಸ್ವಚ್ಛ ಹಲ್ಲಿನಂತೆಯೇ ತೋರುತ್ತದೆ. ಹದಿನಾಲ್ಕು ವರ್ಷ ಇದೇ ಕೆಲಸ ಮಾಡಿದ ನನ್ನ ಬೆರಳಿಗೆ ಹಲ್ಲಿನ ನುಣುಪು ಯಾವುದು, ಗಾರೆಯ ನುಣುಪು ಯಾವುದು ಎಂದು ಗೊತ್ತಾಗುತ್ತದೆ. ಆವತ್ತೂ ಗೊತ್ತಾಯಿತು.

"ಸರಿ ಉಂಟು," ಎಂದೆ.

ಮೂರು ವಾರಕ್ಕೆ ಅವರು ಕೆನ್ನೆಗೆ ಶಾಲು ಒತ್ತಿಕೊಂಡು ಬಂದರು. ಒಳಗೆ ಗಾರೆ ಉಳಿದು, ಮೇಲೆ ವಸಡು ಮುಚ್ಚಿಕೊಂಡು ಕೀವು ಕಟ್ಟಿತ್ತು. ಸಕ್ಕರೆ ಕಾಯಿಲೆ ಬೇರೆ. ಡಾಕ್ಟರ್ ಹನಾನ್ ಕೀವು ಬಿಡಿಸಿ, ಹಲ್ಲು ಅಲುಗಾಡಿಸಿ ನೋಡಿ ತಲೆ ಕೊಡವಿದರು. ಹಲ್ಲು ಸಲೀಸಾಗಿ ಬಂತು. ಗಾಜ್ ಬಟ್ಟೆಯ ಮೇಲೆ ಅದನ್ನಿಟ್ಟಾಗ ಬೇರಿನ ಸುತ್ತ ಕಂದು ಬಣ್ಣದ ಗಾರೆ, ಪಾಲಿಶ್ ಹಾಕಿದ ಹಾಗೆ ಫಳಫಳ ಹೊಳೆಯುತ್ತಿತ್ತು. ನಾನು ನಾಲ್ಕು ವರ್ಷ ಉಳಿಸಿಕೊಂಡು ಬಂದ ಹಲ್ಲು ಅದು.

ಡಾಕ್ಟರ್ ಹನಾನ್ ನಮ್ಮಿಬ್ಬರನ್ನೂ ಒಳಗೆ ಕರೆದು, ಕೊನೆಯ ಸಲ ಇವರ ಸ್ಕೇಲಿಂಗ್ ಮಾಡಿದ್ದು ಯಾರು ಎಂದು ಕೇಳಿದರು.

"ನಾನು ಡಾಕ್ಟರ್," ಎಂದಳು ಸಫಿಯಾ. "ನನ್ನ ಕೈ ಈಗ ಸರಿ ಇಲ್ಲ. ತಪ್ಪು ನನ್ನದೇ."

ವಾರಿಜಾ ನೋಡಿದ್ದರು, ಸರಿ ಇದೆ ಎಂದಿದ್ದರು ಎಂದು ಅವಳು ಹೇಳಲಿಲ್ಲ. ನಾನು ಪರೀಕ್ಷೆ ಮಾಡಿದ್ದನ್ನೇ ಎತ್ತಲಿಲ್ಲ. ಡಾಕ್ಟರ್ ನನ್ನ ಕಡೆ ತಿರುಗಿದರು. ದಿನಕ್ಕೆ ಹತ್ತು ಜನರ ಬಾಯಿ ತೆರೆಸುವ ನನಗೆ ನನ್ನದೊಂದು ಬಾಯಿ ತೆರೆಯಲಾಗಲಿಲ್ಲ. ಯಾರು ಉಳಿಯಬೇಕು ಎಂಬುದು ಅಲ್ಲಿಗೆ ತೀರ್ಮಾನವಾಯಿತು.

ಸಫಿಯಾಳ ಅಣ್ಣನಿಗೆ ಸೌದಿಯ ಉತ್ತರದ ಮರುಭೂಮಿ ಊರಾದ ಹಫ್ರ್ ಅಲ್ ಬಾತಿನ್‌ನಲ್ಲಿ ಬಟ್ಟೆ ಅಂಗಡಿ ಇತ್ತು. ಅವನು ಓಡಾಡಿ ಅಲ್ಲಿನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಕೆಲಸ ಗೊತ್ತುಮಾಡಿ, ಅವಳ ಕಾಗದಪತ್ರ ಅಲ್ಲಿಗೆ ವರ್ಗ ಮಾಡಿಸಿದ. ರಂಜಾನಿಗೆ ಒಂದು ವಾರ ಮೊದಲು ಅವಳು ಹೊರಟಳು. ಹಸಿರು ಉಂಗುರದ ಸೆಟ್ಟು ಹಳೆಯದು, ಬೇಕಾದರೆ ಒಯ್ಯಲಿ ಎಂದರು ಡಾಕ್ಟರ್ ಹನಾನ್. ಆ ಮಾತಿನಲ್ಲೊಂದು ಚುಚ್ಚು ಇತ್ತೋ ಏನೋ, ನನಗಂತೂ ಚುಚ್ಚಿತು.

ಅವಳು ಹೊರಡುವ ಹಿಂದಿನ ಗುರುವಾರ ನಾನು ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಹಸಿರಿನ ಒಂದೊಂದನ್ನೂ ಬೆಳಕಿಗೆ ಹಿಡಿದು, ಬಿಳಿ ಗೆರೆ ಮಾಯವಾಗುವ ತನಕ ಕಲ್ಲಿಗೆ ಎಳೆದೆ. ಪ್ಲಾಸ್ಟಿಕ್ ಕಡ್ಡಿಯ ಮೇಲೆ ಇಟ್ಟು ನೋಡಿದರೆ ಮುಟ್ಟಿದಲ್ಲೇ ಕಚ್ಚಿ ಹಿಡಿಯುತ್ತಿದ್ದವು. ನನ್ನ ಕೆಂಪಿನವಕ್ಕೂ ನಾನು ಯಾವತ್ತೂ ಹಾಗೆ ಸಾಣೆ ಹಿಡಿದಿರಲಿಲ್ಲ. ಅದು ಪಶ್ಚಾತ್ತಾಪವಾ, ಸುಳಿವು ಅಳಿಸುವ ಉಪಾಯವಾ, ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಟ್ಟೆ. ಅವಳು ಮೂಸಿ, "ಗುರುವಾರದ ವಾಸನೆ," ಎಂದು ನನ್ನನ್ನು ತಬ್ಬಿಕೊಂಡಳು.

ಹಬ್ಬ ಮುಗಿದ ಮೇಲೆ ಉಮ್ಮ್ ಸುಲ್ತಾನ್ ನನ್ನ ಕುರ್ಚಿಗೇ ಬಂದರು. ಬೇರೆ ಕುರ್ಚಿ ಇರಲಿಲ್ಲವಲ್ಲ. ಮಾತಾಡುವಾಗ ಮುಂದಿನ ಸಂದಿಯನ್ನು ಶಾಲಿನಿಂದ ಮುಚ್ಚಿಕೊಳ್ಳುತ್ತಿದ್ದರು. ನಾನು ತುಟಿ ನೋಡಿ, ಕೆನ್ನೆ ನೋಡಿ, ನಾಲಗೆ ನೋಡಿ, ಪ್ರೋಬ್ ಹಿಡಿದು ಆ ಸಂದಿಯ ಹತ್ತಿರ ಬಂದಾಗ ಅವರು ನನ್ನ ಕೈ ತಡೆದು ಕೇಳಿದರು: "ಆ ಹುಡುಗಿ ಎಲ್ಲಿ? ಹಗುರ ಕೈಯವಳು?"

ಹಲ್ಲು ಹೋದ ಮೇಲೂ ಅವರಿಗೆ ಅವಳ ಕೈಯೇ ಹಗುರ. ಅವಳನ್ನು ಓಡಿಸಿ ನಾನು ಗೆದ್ದದ್ದು ಒಂದು ಕುರ್ಚಿ ಮಾತ್ರ.

ಅದಾಗಿ ಹತ್ತು ಹದಿನೈದು ದಿನಕ್ಕೆ ಸಫಿಯಾಳ ಫೋನು ಬಂತು. ಹಫ್ರಿನ ಸೆಕೆ, ಧೂಳು, ಅಣ್ಣನ ಮಕ್ಕಳು ನವಾಯತಿ ಮಾತಾಡುವುದೇ ಇಲ್ಲ ಎಂದು ಏನೇನೋ ಹೇಳಿದಳು.

"ಇಲ್ಲಿ ಮೊದಲನೇ ದಿನ ಒಬ್ಬರಿಗೆ ಮಾಡಿದೆ ಅಕ್ಕಾ. ಮುಟ್ಟಿದ್ದು ಅಷ್ಟೇ, ಗಾರೆ ಎದ್ದು ಬಂತು. ನಾನು ಒತ್ತಲೇ ಇಲ್ಲ."

ನಾನು ಅವಳ ಮಂಚದ ಅಂಚಿಗೆ ಕೂತೆ.

"ಆವಾಗ ಗೊತ್ತಾಯ್ತು," ಎಂದಳು. ಆಮೇಲೆ, "ಉಮ್ಮ್ ಸುಲ್ತಾನ್ ಬರ್ತಾರಾ? ಬಾಯಿ ಹೇಗುಂಟು ಅವರದ್ದು?"

"ಬಂದಿದ್ರು. ಉಳಿದದ್ದು ಗಟ್ಟಿ ಉಂಟು," ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. "ನಿನ್ನನ್ನೇ ಕೇಳಿದ್ರು. ಹಗುರ ಕೈಯವಳು ಎಲ್ಲಿ ಅಂದ್ರು. ನಿನ್ನ ಕೈ ಕೆಟ್ಟಿರ್ಲಿಲ್ಲ ಸಫಿಯಾ. ಸೆಟ್ಟಿಗೆ ಸಾಣೆ ಇರ್ಲಿಲ್ಲ. ನಾನೇ ಬೇಕು ಬೇಕೂಂತ..."

"ಸಾಕು ಅಕ್ಕಾ." ಅವಳ ದನಿ ಏರಲಿಲ್ಲ. "ಕೈ ಕೆಟ್ಟಿಲ್ಲ ಅಂತ ಆವತ್ತೇ ಒಂದು ಮಾತು ಹೇಳಿದ್ರೆ ಸಾಕಿತ್ತು. ನಾನು ದಿನಾ ನನ್ನ ಕೈಯನ್ನೇ ಬೈತಾ ಇದ್ದೆ."

ಅಷ್ಟು ಹೇಳಿ, ಊಟ ಆಯಿತಾ ಎಂದು ವಿಚಾರಿಸಿ ಫೋನು ಇಟ್ಟಳು. ಮತ್ತೆ ಯಾವತ್ತೂ ಮಾಡಲಿಲ್ಲ. ನಾನು ಆರಿದ ಫೋನನ್ನು ಕೈಯಲ್ಲಿ ಹಿಡಿದುಕೊಂಡು ಅವಳ ಖಾಲಿ ಮಂಚದ ಮೇಲೆ ಕೂತಿದ್ದೆ. ಅವಳು ಬೈದಿದ್ದರೆ, ಶಾಪ ಹಾಕಿದ್ದರೆ, ನಾನೂ ತಿರುಗಿ ಏನಾದರೂ ಹೇಳಿ ಹಗುರಾಗುತ್ತಿದ್ದೆ. ಅದಕ್ಕೂ ದಾರಿ ಬಿಡಲಿಲ್ಲ ಹುಡುಗಿ. ಇದ್ದದ್ದಷ್ಟನ್ನೂ ಬುಡದಿಂದ ಎಬ್ಬಿಸಿ ತೆಗೆದು ನನ್ನ ಮುಂದಿಟ್ಟಿದ್ದಳು, ಒಂದಿಷ್ಟೂ ಒತ್ತದೆ. ಆ ಕೈಯ ಮೇಲೆ ನನಗೆ ಆಗಲೂ ಹೊಟ್ಟೆಕಿಚ್ಚಾಯಿತು.